ಇನ್ನೊಂದನ್ನೂ ತನ್ನಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ವರ್ಷಗಳಲ್ಲಿ ನಾನು ಗಿರಾಕಿಗಳಿಗೆ ಅತಿ ಹೆಚ್ಚು ಸಲ ಹೇಳಿದ ಮಾತು "ಇನ್ನೊಂದನ್ನೂ ತನ್ನಿ" ಎಂಬುದೇ ಇರಬೇಕು. ಬ್ಲೂಟೂತ್ ಕನೆಕ್ಟ್ ಆಗ್ತಿಲ್ಲ ಅಂತ ಜನ ಫೋನ್ ಒಂದನ್ನೇ ಹಿಡಿದು ಬರುತ್ತಿದ್ದರು. ಇಯರ್‌ಫೋನ್ ಮನೆಯಲ್ಲಿ ಉಳಿದಿರುತ್ತಿತ್ತು, ಸ್ಪೀಕರ್ ತೋಟದ ಮನೆಯಲ್ಲಿ, ಕಾರು ಊರಿನ ಕೊಟ್ಟಿಗೆಯ ಪಕ್ಕ. ಡಿಸ್‌ಪ್ಲೇ ಒಡೆದಿದ್ದರೆ ಫೋನ್ ಒಂದೇ ಸಾಕು. ಚಾರ್ಜಿಂಗ್ ಪಿನ್ ಹೋಗಿದ್ದರೂ ಸಾಕು. ಬ್ಲೂಟೂತ್ ಹಾಗಲ್ಲ, ಅದು ಎರಡು ವಸ್ತುಗಳ ನಡುವಿನ ವ್ಯವಹಾರ. ಒಂದನ್ನು ಮಾತ್ರ ಕೈಯಲ್ಲಿ ಹಿಡಿದು ತಪ್ಪು ಯಾರದೆಂದು ಹೇಳಲು ಬರುವುದಿಲ್ಲ. ಹೊಸನಗರದಿಂದಲೋ ಸಾಗರದಿಂದಲೋ ಬಸ್ಸಿಗೆ ದುಡ್ಡು ಹಾಕಿಕೊಂಡು ಬಂದವರಿಗೆ ಈ ಮಾತು ಹೇಳುವುದು ನನಗೂ ಸಂಕಟವೇ. ಆದರೆ ಫೋನ್ ಇಟ್ಟುಕೊಂಡು, ಏನೋ ಮಾಡಿದಂತೆ ತೋರಿಸಿ, ದುಡ್ಡು ತೆಗೆದುಕೊಂಡು ಕಳಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ ಎಂದು ನಾನು ನಂಬಿದ್ದೆ. ಇವತ್ತಿಗೂ ನಂಬಿದ್ದೇನೆ.

ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು ಅಂಗಡಿ ಶುರು ಮಾಡಿದಾಗ ಎಲ್ಲರ ಕಣ್ಣು ನೋಕಿಯಾ 6600ರ ಮೇಲಿತ್ತು. 2003ರಲ್ಲಿ ಬಂದ ಆ ದಪ್ಪ ಹೊಟ್ಟೆಯ ಫೋನಿನಲ್ಲಿ ಕ್ಯಾಮೆರಾ, ಮೆಮೊರಿ ಕಾರ್ಡ್, ಬ್ಲೂಟೂತ್ ಮೂರೂ ಇದ್ದವು. ಆಗ ಬ್ಲೂಟೂತ್ ಎಂದರೆ ಹಾಡು ಕಳಿಸುವ ದಾರಿ. ಇಂಟರ್‌ನೆಟ್‌ನ ಖರ್ಚು ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. 2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಿಡುಗಡೆಯಾದ ಮೇಲೆ ಅದರ ಹಾಡುಗಳು ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲೇಜು ಹುಡುಗರು ಅಂಗಡಿಯ ಮೆಟ್ಟಿಲ ಮೇಲೆ ಎರಡು ಫೋನುಗಳನ್ನು ಒಂದಕ್ಕೊಂದು ತಾಗಿಸಿ ಕೂತಿರುತ್ತಿದ್ದರು. ಒಂದು ಹಾಡು ದಾಟಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಯಾರೂ ಅಲ್ಲಾಡುತ್ತಿರಲಿಲ್ಲ.

ಆಗಿನ ತೊಂದರೆಗಳು ಸರಳವಾಗಿದ್ದವು. "ಸರ್ಚ್ ಮಾಡಿದ್ರೆ ತೋರಿಸ್ತಿಲ್ಲ ಅಣ್ಣಾ" ಎಂದರೆ ಬಹುಪಾಲು ಇನ್ನೊಂದು ಫೋನು ತನ್ನನ್ನು ಮರೆಮಾಡಿಕೊಂಡಿದೆ ಎಂದೇ ಅರ್ಥ. ಎಲ್ಲರಿಗೂ ಕಾಣುವಂತೆ ಬದಲಿಸಿದರೆ ಮುಗಿಯಿತು. ಹೆಡ್‌ಸೆಟ್ ಪಾಸ್‌ವರ್ಡ್ ಕೇಳಿದರೆ ನಾಲ್ಕು ಸೊನ್ನೆ, ಅದಾಗದಿದ್ದರೆ 1234. ಬಗೆಹರಿಸಲು ನಿಜಕ್ಕೂ ಹೊತ್ತು ಹಿಡಿದದ್ದು ವೈರಸ್. 2004ರ ಜೂನ್‌ನಲ್ಲಿ ಮೊದಲು ಪತ್ತೆಯಾದ ಕ್ಯಾಬಿರ್ ಎಂಬ ಹುಳು ನೋಕಿಯಾ 6600ರಂಥ ಸಿಂಬಿಯನ್ ಫೋನುಗಳಲ್ಲಿ ಬ್ಲೂಟೂತ್ ಮೂಲಕವೇ ಹರಡುತ್ತಿತ್ತು. ಮರುವರ್ಷ ಕಾಮ್‌ವಾರಿಯರ್ ಬಂತು, ಅದು ಎಂಎಂಎಸ್ ದಾರಿಯನ್ನೂ ಹಿಡಿಯಿತು. ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಯಾರದೋ ಫೋನಿನಿಂದ ಸಂದೇಶ ಬರುತ್ತದೆ, ತೆಗೆದುಕೊಳ್ಳಲೇ ಎಂದು ಕೇಳುತ್ತದೆ. ಬೇಡವೆಂದರೆ ಮತ್ತೆ ಕೇಳುತ್ತದೆ. ಬೇಸತ್ತು ಒಮ್ಮೆ ಹೂಂ ಎಂದರೆ ಒಳಗೆ ಬಂದು ಕೂರುತ್ತದೆ. ಆಮೇಲೆ ಆ ಫೋನು ತಾನೇ ಸುತ್ತಮುತ್ತಲ ಫೋನುಗಳನ್ನು ಹುಡುಕುತ್ತ ಮಧ್ಯಾಹ್ನದೊಳಗೆ ಬ್ಯಾಟರಿ ಬರಿದು ಮಾಡಿಕೊಳ್ಳುತ್ತಿತ್ತು. ಬ್ಯಾಟರಿ ಹಾಳಾಗಿದೆ ಎಂದು ಹೊಸದು ಕೊಳ್ಳಲು ಬಂದ ಎಷ್ಟೋ ಜನರನ್ನು ಬ್ಯಾಟರಿ ಮಾರದೆ, ಹುಳು ತೆಗೆದು ಕಳಿಸಿದ್ದೇನೆ. ಕೆಲಸವಿಲ್ಲದಾಗ ಬ್ಲೂಟೂತ್ ಆಫ್ ಮಾಡಿಡಿ ಎಂದು ಹಿರಿಯರು ಈಗಲೂ ಹೇಳುತ್ತಾರಲ್ಲ, ಅದರ ಬೇರು ಆ ಕಾಲದಲ್ಲಿದೆ.

ಒಳಗೆ ಏನು ನಡೆಯುತ್ತದೆ ಎಂಬುದನ್ನು ನನಗೆ ಬಿಡಿಸಿ ಹೇಳಿದವನು ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ. ಬೆಂಗಳೂರಿನ ಚಿಪ್ ಕಂಪನಿಯೊಂದರಲ್ಲಿ ಬ್ಲೂಟೂತ್ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಅವನದು. ದೀಪಾವಳಿಗೆ ಊರಿಗೆ ಹೋಗುವಾಗ ಶಿವಮೊಗ್ಗದಲ್ಲಿ ಬಸ್ ಬದಲಿಸುವ ನಡುವೆ ಅಂಗಡಿಗೆ ಬಂದು ಕೂರುತ್ತಿದ್ದ. ಸ್ವೀಡನ್ನಿನ ಲುಂಡ್ ಊರಿನಲ್ಲಿ, ಎರಿಕ್ಸನ್ ಕಂಪನಿಯಲ್ಲಿ, ಯಾಪ್ ಹಾರ್ಟ್‌ಸನ್ ಎಂಬ ಡಚ್ ಇಂಜಿನಿಯರ್ 1994ರಲ್ಲಿ ಈ ಕೆಲಸಕ್ಕೆ ಕೈ ಹಾಕಿದ್ದು, 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಶಿಬಾ ಐದೂ ಸೇರಿ ಕೂಟ ಕಟ್ಟಿದ್ದು ಇವನ್ನೆಲ್ಲ ಮೊದಲು ಕೇಳಿದ್ದು ಅವನ ಬಾಯಲ್ಲೇ.

ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಬಹುದಾದ ಜಾಗವಾದ್ದರಿಂದ ಅಲ್ಲಿ ಗದ್ದಲ ಬಹಳ. ಮನೆಯ ವೈಫೈ ಅಲ್ಲಿದೆ, ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಗಳೂ ಅಲ್ಲಿಯವೇ. ಆ ಗದ್ದಲದಲ್ಲಿ ಬದುಕಿಕೊಳ್ಳಲು ಬ್ಲೂಟೂತ್ ಒಂದೇ ಕಡೆ ನಿಲ್ಲದೆ ಜಿಗಿಯುತ್ತಿರುತ್ತದೆ. 79 ಚಾನೆಲ್‌ಗಳ ನಡುವೆ, ಸೆಕೆಂಡಿಗೆ 1600 ಸಲ. ಸಂತೆಯ ಗಲಾಟೆಯಲ್ಲಿ ಇಬ್ಬರು ಮೊದಲೇ ಗುಟ್ಟಾಗಿ ಮಾತಾಡಿಕೊಂಡು, ಒಂದೊಂದು ಮಾತನ್ನು ಒಂದೊಂದು ಮೂಲೆಯಲ್ಲಿ ನಿಂತು ಮುಗಿಸಿದಂತೆ. 2003ರ 1.2 ಆವೃತ್ತಿಯಿಂದ ಮುಂದೆ, ಗದ್ದಲ ಇರುವ ಚಾನೆಲ್‌ಗಳನ್ನು ಗುರುತಿಸಿ ಬಿಟ್ಟು ಜಿಗಿಯುವುದನ್ನೂ ಕಲಿತುಕೊಂಡಿತು. ಹೀಗೆ ಜಿಗಿಯುವ ಉಪಾಯಕ್ಕೆ ಇನ್ನೂ ಹಳೆಯ ಚರಿತ್ರೆಯಿದೆ. ಹೆಡಿ ಲಮಾರ್ ಎಂಬ ಸಿನಿಮಾ ನಟಿ, ಜಾರ್ಜ್ ಆಂಥೈಲ್ ಎಂಬ ಸಂಗೀತಗಾರನ ಜೊತೆ ಸೇರಿ, ಟಾರ್ಪಿಡೊಗಳನ್ನು ನಡೆಸುವ ರೇಡಿಯೊ ಸಂಕೇತವನ್ನು ಶತ್ರು ಕೆಡಿಸದಂತೆ 88 ಕಂಪನಾಂಕಗಳ ನಡುವೆ ಜಿಗಿಸುವ ವಿಧಾನಕ್ಕೆ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಪಿಯಾನೋದ ಮನೆಗಳೂ 88. ಈ ಕತೆ ಕೇಳಿದ ದಿನ ನನಗೆ ಕೆಲಸದ ಮೇಲಿನ ಗೌರವ ಇಮ್ಮಡಿಯಾಯಿತು.

ಅವನು ಹೇಳಿದ ಇನ್ನೊಂದು ಸಂಗತಿ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಎರಡು ಸಾಧನಗಳು ಮೊದಲ ಸಲ ಪೇರ್ ಆದಾಗ ಇಬ್ಬರಿಗೂ ಒಂದೇ ಕೀಲಿ ಸಿಗುತ್ತದೆ. 128 ಬಿಟ್‌ಗಳ ಒಂದು ಗುಟ್ಟಿನ ಸಂಖ್ಯೆ ಅದು. ಅದನ್ನು ಎರಡೂ ತಮ್ಮ ತಮ್ಮಲ್ಲಿ ಬರೆದಿಟ್ಟುಕೊಳ್ಳುತ್ತವೆ. ಮರುದಿನ ಆನ್ ಮಾಡಿದಾಗ ತಾವಾಗಿಯೇ ಸೇರಿಕೊಳ್ಳುವುದು ಆ ಕೀಲಿಯ ಬಲದಿಂದ. ಒಂದು ಕಡೆ ಅದು ಅಳಿಸಿಹೋಗಿ ಇನ್ನೊಂದು ಕಡೆ ಉಳಿದಿದ್ದರೆ ಬಾಗಿಲು ತೆರೆಯುವುದಿಲ್ಲ. ಫೋನಿನಲ್ಲಿ ಹೆಸರು ಕಾಣುತ್ತದೆ, ಒತ್ತಿದರೆ ಕನೆಕ್ಟಿಂಗ್ ಎನ್ನುತ್ತದೆ, ಮತ್ತೆ ಸುಮ್ಮನಾಗುತ್ತದೆ. ಜನ ಫೋನಿನಲ್ಲಿ ಮತ್ತೆ ಮತ್ತೆ ಒತ್ತುತ್ತಲೇ ಇರುತ್ತಾರೆ. ಮಾಡಬೇಕಾದದ್ದು ಎರಡೂ ಕಡೆ ಹಳೆಯ ನಂಟನ್ನು ಪೂರ್ತಿ ಅಳಿಸಿ ಹೊಸದಾಗಿ ಪೇರ್ ಮಾಡುವುದು. ಫೋನಿನಲ್ಲಿ ಫರ್ಗೆಟ್ ಒತ್ತುವುದು ಅರ್ಧ ಕೆಲಸ. ಇಯರ್‌ಫೋನಿನ ಬಟನ್ ಅನ್ನು ದೀಪ ಬೇರೆ ಥರ ಮಿನುಗುವವರೆಗೆ ಒತ್ತಿ ಹಿಡಿದು, ಅದರ ನೆನಪನ್ನೂ ಖಾಲಿ ಮಾಡುವುದು ಉಳಿದರ್ಧ. ಆ ಉಳಿದರ್ಧಕ್ಕಾಗಿಯೇ ನಾನು ಇನ್ನೊಂದನ್ನೂ ತನ್ನಿ ಎನ್ನುತ್ತಿದ್ದದ್ದು.

ಒಂದು ಬಾಡಿಗೆ ಕಾರಿನ ಡ್ರೈವರ್ ಬಂದಿದ್ದರು. ಜೋಗ, ಸಿಗಂದೂರು, ಕೊಲ್ಲೂರು ಅಂತ ವಾರವಿಡೀ ಪ್ರವಾಸಿಗಳನ್ನು ಸುತ್ತಾಡಿಸುವವರು. ಹೊಸ ಫೋನ್ ಕೊಂಡಿದ್ದರು, ಕಾರಿನ ಸ್ಟೀರಿಯೋಗೆ ಎಷ್ಟು ಮಾಡಿದರೂ ಸೇರುತ್ತಿರಲಿಲ್ಲ. ಹೊಸ ಫೋನೇ ಸರಿಯಿಲ್ಲ, ಹಿಂತಿರುಗಿಸುತ್ತೇನೆ ಎಂದು ಸಿಟ್ಟಾಗಿದ್ದರು. ನಾನು ಫೋನ್ ಮುಟ್ಟದೆ ಕಾರಿನಲ್ಲಿ ಹೋಗಿ ಕೂತೆ. ಸ್ಟೀರಿಯೋದ ಪಟ್ಟಿ ತೆಗೆದರೆ ಯಾರ್ಯಾರದೋ ಹೆಸರಿನ ಫೋನುಗಳು, ಒಂದರ ಕೆಳಗೊಂದು. ಹತ್ತಿದ ಪ್ರತಿ ಪ್ರವಾಸಿಯೂ ತನ್ನ ಹಾಡು ಹಾಕಲು ಪೇರ್ ಮಾಡಿ, ಇಳಿದು ಹೋಗಿದ್ದಾನೆ. ಸ್ಟೀರಿಯೋ ಇಂತಿಷ್ಟೇ ಫೋನುಗಳನ್ನು ನೆನಪಿಟ್ಟುಕೊಳ್ಳಬಲ್ಲದು. ಕೆಲವು ಹಳೆಯದನ್ನು ತಾವೇ ಬಿಟ್ಟು ಹೊಸದಕ್ಕೆ ಜಾಗ ಮಾಡಿಕೊಡುತ್ತವೆ, ಕೆಲವು ಜಾಗವಿಲ್ಲ ಎಂದು ಬಾಯಿಬಿಟ್ಟು ಹೇಳದೆ ಸುಮ್ಮನೆ ನಿರಾಕರಿಸುತ್ತವೆ. ಎಲ್ಲವನ್ನೂ ಅಳಿಸಿದೆ. ಹೊಸ ಫೋನು ಒಂದೇ ಏಟಿಗೆ ಸೇರಿತು. ಅವರ ಸಿಟ್ಟು ಇಳಿದ ಮೇಲೆ ಚಹಾ ಕುಡಿಸದೆ ಬಿಡಲಿಲ್ಲ.

ಇಂಥದ್ದೇ ಆದರೂ ಇನ್ನೂ ಸ್ವಾರಸ್ಯದ್ದು ಅಡಿಕೆ ಸುಲಿಯುವ ಮನೆಯ ಸ್ಪೀಕರ್. ಮಲೆನಾಡಿನಲ್ಲಿ ಕೊಯ್ಲಿನ ಕಾಲಕ್ಕೆ ಸಂಜೆಯಿಂದ ರಾತ್ರಿಯವರೆಗೆ ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ನನ್ನ ಚಿಕ್ಕಮ್ಮನ ಮನೆಯಲ್ಲಿ ಅವರಿಗಾಗಿ ಒಂದು ಬ್ಲೂಟೂತ್ ಸ್ಪೀಕರ್ ತಂದಿಟ್ಟಿದ್ದರು. ಹಾಡು ಬರುತ್ತಾ ಬರುತ್ತಾ ಕಡಿದುಹೋಗುತ್ತಿತ್ತು, ಒಮ್ಮೊಮ್ಮೆ ಪೂರ್ತಿ ಬೇರೆಯದೇ ಹಾಡು ಶುರುವಾಗುತ್ತಿತ್ತು. ನಾನು ಹೋದ ದಿನ ಎರಡು ತೊಂದರೆಗಳು ಬೇರೆ ಬೇರೆಯಾಗಿ ಕಂಡವು. ಫೋನ್ ಇದ್ದದ್ದು ಒಳಕೋಣೆಯ ಕಿಟಕಿಯಲ್ಲಿ, ಸ್ಪೀಕರ್ ಹೊರ ಜಗಲಿಯಲ್ಲಿ. ನಡುವೆ ಮಣ್ಣಿನ ಗೋಡೆ, ಹಸಿ ಅಡಿಕೆಯ ರಾಶಿ, ಕೂತ ಜನ. ನೀರಿನಂಶ ಇರುವುದೆಲ್ಲ ಈ ಅಲೆಗಳನ್ನು ಹೀರಿಕೊಳ್ಳುತ್ತದೆ, ಮನುಷ್ಯನ ಮೈ ಕೂಡ. ಫೋನ್ ಹಿಂದಿನ ಜೇಬಿನಲ್ಲಿಟ್ಟು ನಡೆಯುವಾಗ ಕಿವಿಯಲ್ಲಿ ಹಾಡು ಮುರಿಯುವುದೂ ಇದೇ ಕಾರಣಕ್ಕೆ. ಹತ್ತು ಮೀಟರ್ ಎಂದು ಡಬ್ಬದ ಮೇಲೆ ಬರೆದದ್ದು ಬಯಲಿನ ಲೆಕ್ಕ. ಫೋನನ್ನು ಜಗಲಿಯ ಗೂಡಿಗೆ ತಂದಿಟ್ಟದ್ದೇ ಕಡಿಯುವುದು ನಿಂತಿತು.

ಬೇರೆ ಹಾಡು ಬರುವುದಕ್ಕೆ ಕಾರಣ ಅಟ್ಟದ ಮೇಲಿತ್ತು. ಚಿಕ್ಕಮ್ಮನ ಮೊಮ್ಮಗ ಹಿಂದೊಮ್ಮೆ ತನ್ನ ಫೋನನ್ನೂ ಅದೇ ಸ್ಪೀಕರ್‌ಗೆ ಪೇರ್ ಮಾಡಿದ್ದ. ಸ್ಪೀಕರ್ ಆಫ್ ಆಗಿ ಆನ್ ಆದಾಗಲೆಲ್ಲ ಯಾರ ಫೋನು ಮೊದಲು ಸಿಕ್ಕರೆ ಅದರ ಜೊತೆ ಸೇರುತ್ತಿತ್ತು. ಅವನು ಮೇಲೆ ಓದಿಕೊಳ್ಳುತ್ತಾ ವಿಡಿಯೊ ಹಾಕಿದರೆ ಅದರ ದನಿ ಕೆಳಗೆ ಜಗಲಿಯಲ್ಲಿ. ಹೆಂಗಸರು ಸ್ಪೀಕರ್ ಕೆಟ್ಟಿದೆ ಎಂದುಕೊಂಡಿದ್ದರು, ಹುಡುಗ ತನ್ನ ಫೋನಿನ ದನಿಯೇ ಹೋಗಿದೆ ಎಂದುಕೊಂಡಿದ್ದ. ಎರಡೂ ವಸ್ತು ಸರಿಯಾಗಿಯೇ ಇದ್ದವು. ಅವನ ಫೋನಿನಿಂದ ಸ್ಪೀಕರಿನ ಹೆಸರು ಅಳಿಸಿದೆ. ಆ ರಾತ್ರಿ ಅಲ್ಲೇ ಉಳಿದು, ಅವರ ಜೊತೆ ಕೂತು ಹಾಡು ಕೇಳುತ್ತಾ ಅಡಿಕೆ ಸುಲಿದೆ.

2016ರಲ್ಲಿ ಆಪಲ್ ತನ್ನ ಐಫೋನ್ 7ರಿಂದ ಇಯರ್‌ಫೋನ್ ಚುಚ್ಚುವ ತೂತನ್ನೇ ತೆಗೆದುಹಾಕಿತು. ಉಳಿದ ಕಂಪನಿಗಳು ಒಂದೊಂದಾಗಿ ಹಿಂಬಾಲಿಸಿದವು. ಕೆಲವೇ ವರ್ಷಗಳಲ್ಲಿ ತಂತಿಯಿಲ್ಲದ ಜೋಡಿ ಇಯರ್‌ಬಡ್‌ಗಳು ದುರ್ಗಿಗುಡಿಯ ಪ್ರತಿ ಅಂಗಡಿಯಲ್ಲೂ ತೂಗಾಡತೊಡಗಿದವು. ಆಗ ನನ್ನ ಟೇಬಲ್ಲಿಗೆ ಬಂದ ದೂರುಗಳಲ್ಲಿ ಹೆಚ್ಚಿನದು "ಒಂದೇ ಕಿವೀಲಿ ಕೇಳತ್ತೆ" ಎಂಬುದು. ಇದಕ್ಕೆ ಜನ ಫೋನನ್ನು ಬೈಯುತ್ತಾರೆ. ಬಹಳಷ್ಟು ಸಲ ಕಾರಣ ಡಬ್ಬಿಯೊಳಗಿನ ಪುಟ್ಟ ಪಿನ್ನುಗಳ ಮೇಲೆ ಕೂತ ಬೆವರು, ಕುಗ್ಗೆ. ಒಂದು ಬಡ್ ಚಾರ್ಜೇ ಆಗಿರುವುದಿಲ್ಲ, ಕನೆಕ್ಟ್ ಆಗುವುದೆಲ್ಲಿಂದ? ಹತ್ತಿಗೆ ಸ್ವಲ್ಪ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಾಕಿ ಒರೆಸಿ, ಅರ್ಧ ಗಂಟೆ ಡಬ್ಬಿಯಲ್ಲಿಟ್ಟರೆ ಜೀವ ಬರುತ್ತಿತ್ತು. ಮನೆಯ ವೈಫೈ 2.4ರಲ್ಲಿದ್ದು, ದೊಡ್ಡ ಫೈಲು ಇಳಿಯುವಾಗ ಹಾಡು ತಡವರಿಸಿದರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಲು ಹೇಳುತ್ತಿದ್ದೆ. ಕರೆ ಬಂದಾಗ ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ ಎಂದು ದೂರುವವರಿಗೆ ಅದು ಕೆಟ್ಟದ್ದಲ್ಲ ಎಂದು ವಿವರಿಸಬೇಕಾಗುತ್ತಿತ್ತು. ಹಾಡಿಗೆ ಒಂದು ದಾರಿ, ಮೈಕು ಬೇಕಾಗುವ ಕರೆಗೆ ಇನ್ನೊಂದು ದಾರಿ. ಎರಡನೆಯದರ ದನಿ ಬಡವಾಗಿಯೇ ಇರುತ್ತದೆ.

ನಿಜವಾಗಿ ಬೋರ್ಡು ಕೆಟ್ಟಿದೆಯೇ ಎಂದು ತಿಳಿಯಲು ನನ್ನ ಬಳಿ ಒಂದು ಪ್ರಶ್ನೆಯಿತ್ತು: ವೈಫೈ ಆನ್ ಆಗುತ್ತಾ? ಬಹುಪಾಲು ಫೋನುಗಳಲ್ಲಿ ವೈಫೈ, ಬ್ಲೂಟೂತ್ ಎರಡಕ್ಕೂ ಒಂದೇ ಚಿಪ್. ಬಿದ್ದೋ ನೀರು ಹೋಗಿಯೋ ಆ ಚಿಪ್ಪಿನ ಬೆಸುಗೆ ಬಿಟ್ಟರೆ ಎರಡೂ ಒಟ್ಟಿಗೆ ಸಾಯುತ್ತವೆ. ಒತ್ತಿದರೆ ಆನ್ ಆಗುವುದೇ ಇಲ್ಲ, ಫೋನಿನ ವಿವರಗಳಲ್ಲಿ ಬ್ಲೂಟೂತ್ ವಿಳಾಸದ ಜಾಗ ಖಾಲಿ. ಅಂಥ ಫೋನಿಗೆ ಮಾತ್ರ ಹಾಟ್ ಏರ್ ಗನ್ ಹಿಡಿಯಬೇಕು. ವೈಫೈ ಚೆನ್ನಾಗಿದೆ, ಬ್ಲೂಟೂತ್ ಆನ್ ಆಗುತ್ತದೆ, ಒಂದು ಇಯರ್‌ಫೋನ್ ಮಾತ್ರ ಸೇರುವುದಿಲ್ಲ ಎಂದರೆ ಬೋರ್ಡು ಬಿಚ್ಚುವ ಮಾತೇ ಇಲ್ಲ.

ಈ ವಿಷಯದಲ್ಲಿ ನನಗೆ ಇವತ್ತಿಗೂ ಆರದ ಒಂದು ಸಂಕಟವಿದೆ. ಕೋವಿಡ್ ಕಾಲದಲ್ಲಿ, ಮಕ್ಕಳಿಗೆ ಆನ್‌ಲೈನ್ ಪಾಠ ನಡೆಯುತ್ತಿದ್ದಾಗ, ಭದ್ರಾವತಿಯಿಂದ ಒಬ್ಬ ಹೆಣ್ಣುಮಗಳು ಬಂದರು. ಇಯರ್‌ಫೋನ್ ಸೇರುತ್ತಿಲ್ಲವೆಂದು ಬೇರೊಂದು ಅಂಗಡಿಗೆ ಕೊಟ್ಟಿದ್ದರಂತೆ, ಅಲ್ಲಿ ಕೇಳದೆ ಹೇಳದೆ ಫ್ಯಾಕ್ಟರಿ ರೀಸೆಟ್ ಮಾಡಿದ್ದರು. ಇಯರ್‌ಫೋನ್ ಆಮೇಲೂ ಸೇರಿರಲಿಲ್ಲ. ಅವರು ನನ್ನ ಬಳಿ ಬಂದದ್ದು ಇಯರ್‌ಫೋನಿಗಾಗಿ ಅಲ್ಲ. ಆ ಫೋನಿನಲ್ಲಿ ತೀರಿಕೊಂಡ ಗಂಡನ ದನಿಯಿತ್ತು, ವಾಟ್ಸಾಪಿನಲ್ಲಿ ಕಳಿಸಿದ್ದ ಸಣ್ಣ ಸಣ್ಣ ಮಾತುಗಳು. "ಅದನ್ನ ವಾಪಸ್ ತರಕ್ಕಾಗುತ್ತಾ ಅಣ್ಣಾ?" ಎಂದು ಕೇಳಿದರು. ಬ್ಯಾಕಪ್ ಇರಲಿಲ್ಲ. ಈಗಿನ ಫೋನುಗಳು ಒಳಗಿನದೆಲ್ಲವನ್ನೂ ಬೀಗ ಹಾಕಿ ಇಟ್ಟಿರುತ್ತವೆ, ರೀಸೆಟ್ ಮಾಡಿದಾಗ ಆ ಬೀಗದ ಕೀಲಿಯೇ ನಾಶವಾಗುತ್ತದೆ. ಯಾವ ಸಾಫ್ಟ್‌ವೇರೂ ಅದನ್ನು ತರಲಾರದು. ಆಗುವುದಿಲ್ಲ ಅಕ್ಕಾ ಎಂದು ನೇರವಾಗಿ ಹೇಳಿದೆ. ಆಸೆ ಹುಟ್ಟಿಸಿ ಫೋನ್ ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ.

ಇಯರ್‌ಫೋನಿನ ತೊಂದರೆ ಏನೆಂದು ಮರುವಾರ ಮಗಳನ್ನು ಕರೆದುಕೊಂಡು ಬಂದಾಗ ತಿಳಿಯಿತು. ಮನೆಯಲ್ಲಿ ಪಾಠಕ್ಕೆಂದು ತಂದ ಟ್ಯಾಬ್ ಇತ್ತು. ಡಬ್ಬಿ ತೆರೆದ ಕೂಡಲೇ ಇಯರ್‌ಬಡ್‌ಗಳು ಪಕ್ಕದ ಕೋಣೆಯ ಟ್ಯಾಬಿಗೆ ಹೋಗಿ ಅಂಟಿಕೊಳ್ಳುತ್ತಿದ್ದವು. ಟ್ಯಾಬಿನ ಬ್ಲೂಟೂತ್ ಆಫ್ ಮಾಡುವುದು, ಅಷ್ಟೇ ಬೇಕಾಗಿದ್ದದ್ದು. ಒಂದು ಸೆಕೆಂಡಿನ ಕೆಲಸ. ಅಂದಿನಿಂದ ನಾನು ಹುಡುಗರಿಗೆ ಕೆಲಸ ಕಲಿಸುವಾಗ ಅನುಕ್ರಮವನ್ನು ಕಟ್ಟುನಿಟ್ಟಾಗಿ ಹೇಳಿಕೊಟ್ಟಿದ್ದೇನೆ. ಮೊದಲು ಎರಡನ್ನೂ ಆಫ್ ಮಾಡಿ ಆನ್ ಮಾಡು. ಹತ್ತಿರದಲ್ಲಿ ಬೇರೆ ಯಾವುದಕ್ಕೆ ಸೇರಿದೆ ನೋಡು. ಆಮೇಲೆ ಎರಡೂ ಕಡೆ ಅಳಿಸಿ ಹೊಸದಾಗಿ ಪೇರ್ ಮಾಡು. ಬೇರೆ ಫೋನಿಗೆ ಹಾಕಿ ಪರೀಕ್ಷಿಸು. ಆಮೇಲೂ ಆಗದಿದ್ದರೆ ವೈಫೈ ಮತ್ತು ಬ್ಲೂಟೂತ್ ಸೆಟ್ಟಿಂಗ್ ಮಾತ್ರ ರೀಸೆಟ್ ಮಾಡು. ಅದರಿಂದ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಫೋಟೊಗಳು ಹೋಗುವುದಿಲ್ಲ, ಅದನ್ನೂ ಗಿರಾಕಿಗೆ ಮೊದಲು ಹೇಳು. ಫ್ಯಾಕ್ಟರಿ ರೀಸೆಟ್ ನನ್ನನ್ನು ಕೇಳದೆ ಯಾರೂ ಮಾಡಕೂಡದು.

ಆ ಹೊತ್ತಿನಲ್ಲೇ ಇನ್ನೊಂದು ಗೊಂದಲ ಊರೆಲ್ಲ ಹಬ್ಬಿತ್ತು. 2020ರ ಏಪ್ರಿಲ್ 2ರಂದು ಬಂದ ಆರೋಗ್ಯ ಸೇತು ಆ್ಯಪ್‌ಗೆ ಬ್ಲೂಟೂತ್ ಆನ್ ಇರಬೇಕಿತ್ತು, ಲೊಕೇಶನ್ ಕೂಡ. ಬ್ಲೂಟೂತ್‌ಗೂ ನಾನೆಲ್ಲಿದ್ದೇನೆ ಎಂಬುದಕ್ಕೂ ಏನು ಸಂಬಂಧ ಎಂದು ಕೇಳದವರಿಲ್ಲ. ಆ ಆ್ಯಪ್ ಓಡಾಟದ ಜಾಡನ್ನೂ ದಾಖಲಿಸುತ್ತಿತ್ತು ನಿಜ. ಆದರೆ ಕೈಗಡಿಯಾರದ ಆ್ಯಪ್‌ಗಳು ಕೂಡ ಲೊಕೇಶನ್ ಕೇಳುತ್ತಿದ್ದುದಕ್ಕೆ ಬೇರೆ ಕಾರಣವಿದೆ. ಸುತ್ತಲಿನ ಬ್ಲೂಟೂತ್ ಸಾಧನಗಳ ಪಟ್ಟಿ ಸಿಕ್ಕರೆ ಮನುಷ್ಯ ಎಲ್ಲಿದ್ದಾನೆಂದು ಊಹಿಸಬಹುದು. ಆದ್ದರಿಂದ ಆಂಡ್ರಾಯ್ಡ್ 6ರಿಂದ 11ರವರೆಗೆ ಸಾಧನ ಹುಡುಕುವ ಆ್ಯಪ್‌ಗೆ ಲೊಕೇಶನ್ ಅನುಮತಿ ಬೇಕೇ ಬೇಕಿತ್ತು. 2021ರಲ್ಲಿ ಬಂದ ಆಂಡ್ರಾಯ್ಡ್ 12 ಅದನ್ನು ಬೇರ್ಪಡಿಸಿ, ಹತ್ತಿರದ ಸಾಧನಗಳು ಎಂಬ ಬೇರೆಯೇ ಅನುಮತಿ ಮಾಡಿತು. ವಾಚ್ ಸೇರುತ್ತಿಲ್ಲ ಎಂದು ಬಂದವರ ಫೋನಿನಲ್ಲಿ ನಾನು ಮೊದಲು ನೋಡುತ್ತಿದ್ದದ್ದು ಈ ಅನುಮತಿಗಳನ್ನು, ಆಮೇಲೆ ಬ್ಯಾಟರಿ ಉಳಿಸುವ ಸೆಟ್ಟಿಂಗನ್ನು. ಬ್ಯಾಟರಿ ಉಳಿಸಲು ಹೋಗಿ ಫೋನೇ ಆ ಆ್ಯಪನ್ನು ಮಲಗಿಸಿಬಿಟ್ಟಿರುತ್ತದೆ.

ಇಷ್ಟು ವರ್ಷಗಳ ಕೆಲಸದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು ಹೊಸನಗರ ಕಡೆಯ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರ ಕಿವಿ ಮಿಷಿನ್. ದೂರದೂರಿನಲ್ಲಿರುವ ಮಗಳು ದುಬಾರಿಯದೊಂದು ಜೋಡಿ ಕೊಡಿಸಿದ್ದಳು. ಫೋನಿಗೆ ಸೇರುತ್ತದೆ, ಕರೆ ನೇರವಾಗಿ ಕಿವಿಯಲ್ಲೇ ಕೇಳುತ್ತದೆ ಎಂದು ಹೇಳಿ ಕೊಡಿಸಿದ್ದು. ಮೇಷ್ಟ್ರಿಗೆ ಆಗಲೇ ಎಂಬತ್ತರ ಹತ್ತಿರ. ಫೋನನ್ನು ಕಿವಿಗೆ ಒತ್ತಿ ಹಿಡಿದರೂ ಮಗಳ ಮಾತು ತಿಳಿಯುತ್ತಿರಲಿಲ್ಲ. ಸ್ಪೀಕರ್ ಹಾಕಿದರೆ ಮನೆಯವರೆಲ್ಲ ನಡುವೆ ನಿಂತು ಮಾತು ದಾಟಿಸಬೇಕಿತ್ತು. "ನೋಡು ಮಾರಾಯ, ಆ್ಯಪಿನಲ್ಲಿ ಕನೆಕ್ಟೆಡ್ ಅಂತ ಬರ್ತದೆ. ಸೌಂಡು ಏರಿಸಿದ್ರೆ ಏರ್ತದೆ, ಇಳಿಸಿದ್ರೆ ಇಳೀತದೆ. ಮಗಳ ಮಾತು ಮಾತ್ರ ಕಿವಿಗೆ ಬರೂದಿಲ್ಲ. ಮಿಷಿನ್ ಹಾಳು ಅಂತ ಹೇಳ್ತಾರೆ" ಎಂದರು. ಅವರು ಮಿಷಿನನ್ನು ಕಿವಿಯಲ್ಲೇ ಇಟ್ಟುಕೊಂಡು ಬಂದಿದ್ದರಿಂದ ನನ್ನ ಮಾಮೂಲಿ ಮಾತು ಹೇಳುವ ಪ್ರಮೇಯ ಬರಲಿಲ್ಲ.

ಮಿಷಿನ್ ಹಾಳಾಗಿರಲಿಲ್ಲ. ಅದು ತಿಳಿಯಲು ನಾನು ಕೆಲವು ರಾತ್ರಿ ಓದಬೇಕಾಯಿತು, ಬೆಂಗಳೂರಿನ ಹುಡುಗನಿಗೆ ಫೋನ್ ಮಾಡಬೇಕಾಯಿತು. ಕಿವಿ ಮಿಷಿನ್‌ನ ಸೌಂಡು ಏರಿಸಿ ಇಳಿಸುವ ಆಜ್ಞೆಗಳು ಹೋಗುವುದು ಬ್ಲೂಟೂತ್ ಲೋ ಎನರ್ಜಿ ಎಂಬ, 2010ರಲ್ಲಿ ಬಂದ, ಕಡಿಮೆ ವಿದ್ಯುತ್ತಿನ ದಾರಿಯಲ್ಲಿ. ಆ ದಾರಿಯಲ್ಲಿ ದನಿಯನ್ನೂ ಕಳಿಸಲು ಬೇರೆಯೇ ಏರ್ಪಾಡು ಬೇಕು. ಐಫೋನಿನಲ್ಲಿ ಅದು 2013ರಿಂದಲೇ ಇತ್ತು. ಆಂಡ್ರಾಯ್ಡ್‌ಗಾಗಿ ಗೂಗಲ್ ಆಶಾ ಎಂಬ ಏರ್ಪಾಡನ್ನು 2018ರಲ್ಲಿ ಪ್ರಕಟಿಸಿತು, 2019ರ ಆಂಡ್ರಾಯ್ಡ್ 10ರ ಜೊತೆ ಅದು ಫೋನುಗಳಿಗೆ ಬರತೊಡಗಿತು. ಬಂದರೂ ಎಲ್ಲ ಫೋನುಗಳಲ್ಲೂ ಇರಲಿಲ್ಲ. ಮೇಷ್ಟ್ರ ಫೋನು ಅದಕ್ಕಿಂತ ಹಳೆಯದು. ಅದರಿಂದ ಆಜ್ಞೆ ಹೋಗುತ್ತಿತ್ತು, ಮಾತು ಹೋಗಲು ದಾರಿಯೇ ಇರಲಿಲ್ಲ. ಅಂಗಡಿಯಲ್ಲಿದ್ದ, ಆ ಏರ್ಪಾಡು ಇರುವ ಒಂದು ಸೆಕೆಂಡ್ ಹ್ಯಾಂಡ್ ಫೋನನ್ನು ಪರೀಕ್ಷೆಗೆಂದು ತೆಗೆದೆ. ಬ್ಯಾಟರಿಯ ಪುಟ್ಟ ಬಾಗಿಲನ್ನು ತೆರೆದು ಮುಚ್ಚಿದರೆ ಮಿಷಿನ್ ಕೆಲವು ನಿಮಿಷ ಪೇರ್ ಆಗಲು ಸಿದ್ಧವಾಗಿರುತ್ತದೆ. ಅಷ್ಟರೊಳಗೆ, ಆಕ್ಸೆಸಿಬಿಲಿಟಿಯೊಳಗೆ ಶ್ರವಣ ಸಾಧನಗಳೆಂಬ ಜಾಗಕ್ಕೆ ಹೋಗಿ ಅಲ್ಲಿಂದ ಸೇರಿಸಬೇಕು. ಎಡಗಿವಿಯದು ಸೇರಿತು, ಸ್ವಲ್ಪ ತಡವಾಗಿ ಬಲಗಿವಿಯದೂ.

ಮಗಳಿಗೆ ಕರೆ ಮಾಡಿದೆವು. ಮೇಷ್ಟ್ರ ಮುಖ ಅರಳಿತು. ಅವಳ ಮಾತು ಕೇಳುತ್ತಿತ್ತು. ಆದರೆ ಆ ಕಡೆಯಿಂದ ಅವಳು "ಅಪ್ಪಾ, ಕೇಳಿಸ್ತಾ ಇಲ್ಲ, ಅಪ್ಪಾ" ಎನ್ನುತ್ತಲೇ ಇದ್ದಳು. ಮತ್ತೆ ಕನೆಕ್ಷನ್ ಹೋಯಿತೆಂದು ಎಲ್ಲರೂ ಅಂದುಕೊಂಡರು. ಮೇಷ್ಟ್ರು ಫೋನನ್ನು ಪಕ್ಕದ ಬೆಂಚಿನ ಮೇಲಿಟ್ಟು, ಕೈಕಟ್ಟಿ ನೇರ ಕೂತು ಮಾತಾಡುತ್ತಿದ್ದರು. ಆಶಾದಲ್ಲಿ ದನಿ ಫೋನಿನಿಂದ ಕಿವಿಗೆ ಮಾತ್ರ ಬರುತ್ತದೆ. ನಮ್ಮ ಮಾತನ್ನು ಹಿಡಿಯುವುದು ಫೋನಿನ ಮೈಕೇ, ಕಿವಿಯಲ್ಲಿರುವ ಮೈಕಲ್ಲ. ಫೋನನ್ನು ಅವರ ಎದೆಯ ಹತ್ತಿರ ಹಿಡಿಸಿದೆ. ಅಪ್ಪ ಮಗಳು ಮಾತಾಡಿಕೊಂಡರು, ನಡುವೆ ಯಾರೂ ನಿಲ್ಲದೆ. ಮೊಮ್ಮಗುವಿನ ಜ್ವರದಿಂದ ಹಿಡಿದು ಆ ವರ್ಷದ ಅಡಿಕೆ ಧಾರಣೆಯವರೆಗೆ. ಆ ಹೊತ್ತಿನಲ್ಲಿ ಬಂದ ಗಿರಾಕಿಗಳು ತಾವಾಗಿಯೇ ಹೊರಗೆ ನಿಂತರು.

ಆಮೇಲೆ ಮೇಷ್ಟ್ರು ಆ ಫೋನನ್ನೇ ಕೊಂಡುಹೋದರು. ತೊಂದರೆಗಳು ಪೂರ್ತಿ ನಿಲ್ಲಲಿಲ್ಲ. ಒಂದು ಅಪ್‌ಡೇಟ್ ಬಂದ ಮೇಲೆ ಬಲಗಿವಿ ಬಿಟ್ಟುಹೋಯಿತು, ಎರಡೂ ಕಿವಿಯದನ್ನು ಅಳಿಸಿ ಮೊದಲಿಂದ ಸೇರಿಸಿದೆ. ಇನ್ನೊಮ್ಮೆ ಕರೆ ಬಂದ ಕೂಡಲೇ ಕಡಿಯುತ್ತಿತ್ತು, ಉಳಿದಂತೆ ಮಿಷಿನ್ ಚೆನ್ನಾಗಿಯೇ ಕೇಳಿಸುತ್ತಿತ್ತು. ಅದು ಬ್ಯಾಟರಿ. ಕಂದು ಪಟ್ಟಿಯ 312 ನಂಬರಿನ ಪುಟ್ಟ ಬಿಲ್ಲೆ ಕೊನೆಗಾಲಕ್ಕೆ ಬಂದಾಗ ಮೊದಲು ಕೈಬಿಡುವುದು ಹೆಚ್ಚು ವಿದ್ಯುತ್ ಬೇಡುವ ಬ್ಲೂಟೂತ್ ದನಿಯನ್ನು. ಕರೆಗಳನ್ನು ಹೀಗೆ ಕೇಳಿದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಮನೆಯಲ್ಲಿ ಒಂದು ಪಟ್ಟಿ ಹೆಚ್ಚು ಇಟ್ಟುಕೊಳ್ಳಿ ಮೇಷ್ಟ್ರೇ ಎಂದು ಹೇಳಿದೆ. ಶಿವಮೊಗ್ಗದ ಕಿವಿ ಪರೀಕ್ಷೆಯ ಕ್ಲಿನಿಕ್ಕಿನವರು ಬರಬರುತ್ತಾ ಇಂಥವರನ್ನೆಲ್ಲ ನನ್ನ ಹತ್ತಿರ ಕಳಿಸತೊಡಗಿದರು. ಅಂಗಡಿಯ ಒಂದು ಕುರ್ಚಿ ಅವರಿಗೇ ಮೀಸಲಾಯಿತು.

ಈಗ ಎಲ್‌ಇ ಆಡಿಯೊ ಎಂಬ ಹೊಸ ಏರ್ಪಾಡು ಬಂದಿದೆ. 2020ರಲ್ಲಿ ಪ್ರಕಟವಾದದ್ದು, 2022ರ ಆಂಡ್ರಾಯ್ಡ್ 13ರಿಂದ ಫೋನುಗಳಿಗೆ ಇಳಿಯುತ್ತಿದೆ. ಅದರಲ್ಲಿ ಕಿವಿ ಮಿಷಿನ್‌ನ ಮೈಕನ್ನೂ ಬಳಸಲು ಅವಕಾಶವಿದೆ, ದನಿಯೂ ಕಡಿಮೆ ವಿದ್ಯುತ್ತಿನಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಇಲ್ಲೂ ಅದೇ ಮಾತು, ಫೋನಿನಲ್ಲೂ ಇರಬೇಕು, ಮಿಷಿನ್‌ನಲ್ಲೂ ಇರಬೇಕು. ಡಬ್ಬದ ಮೇಲೆ ಬ್ಲೂಟೂತ್ ಎಂದು ಬರೆದಿದೆ ಎಂಬುದನ್ನು ನಂಬಿ ಕೊಳ್ಳಬೇಡಿ ಎಂದು ಕಿವಿ ಮಿಷಿನ್ ಹಾಕಿಕೊಂಡ ಎಲ್ಲರಿಗೂ ಹೇಳುತ್ತೇನೆ.

ಮೇಷ್ಟ್ರ ಆ ಸೆಕೆಂಡ್ ಹ್ಯಾಂಡ್ ಫೋನು ಹೋದವರ್ಷ ಕೈಕೊಟ್ಟಿತು. ಹೊಸದು ಕೊಳ್ಳಲು ನನ್ನನ್ನು ಕರೆಯಲಿಲ್ಲ. ಮಿಷಿನ್ ಎರಡೂ ಕಿವಿಯಲ್ಲಿಟ್ಟುಕೊಂಡು ತಾವೇ ಪೇಟೆಯ ದೊಡ್ಡ ಅಂಗಡಿಗೆ ಹೋಗಿ, ಇಟ್ಟಿದ್ದ ಫೋನುಗಳಿಗೆಲ್ಲ ಬ್ಯಾಟರಿ ಬಾಗಿಲು ತೆರೆದು ಮುಚ್ಚಿ ಒಂದೊಂದಾಗಿ ಪೇರ್ ಮಾಡಿಸಿ, ಪ್ರತಿಯೊಂದರಿಂದಲೂ ಮಗಳಿಗೆ ಕರೆ ಮಾಡಿಸಿದರಂತೆ. ಮಾರುವ ಹುಡುಗ ದೊಡ್ಡ ಪರದೆಯದನ್ನು ತೋರಿಸಿದರೂ ಅತ್ತ ತಿರುಗದೆ, ಎರಡೂ ಕಿವಿಯಲ್ಲಿ ಮಗಳು ಸಮನಾಗಿ ಕೇಳಿಸಿದ ಫೋನನ್ನು ತಂದಿದ್ದಾರೆ. ಅದು ಆ ಅಂಗಡಿಯ ಕಡಿಮೆ ಬೆಲೆಯ ಫೋನುಗಳಲ್ಲಿ ಒಂದು.